ಪದಚರ್ಚೆ: ಕೊಳಚೆ ನೀರಿನ ಪರೀಕ್ಷೆಯಿಂದ ಊರಿನ ಸೋಂಕನ್ನು ಅರಿಯುವ ಕ್ರಮಕ್ಕೆ ಕನ್ನಡದಲ್ಲಿ ಏನೆನ್ನೋಣ?

ಒಳಚರಂಡಿಯಲ್ಲಿ ಹರಿದುಬರುವ ನೀರಿನ ಮಾದರಿ ತೆಗೆದು, ಅದರಲ್ಲಿ ಸಿಗುವ ರೋಗಾಣುವಿನ ಗುರುತುಗಳಿಂದ ಊರಿನಲ್ಲಿ ಸೋಂಕು ಎಷ್ಟರಮಟ್ಟಿಗೆ ಹಬ್ಬಿದೆಯೆಂದು ಅಂದಾಜು ಮಾಡುವ ಕ್ರಮ ಕೋವಿಡ್ ಬಂದ ಮೇಲೆ ಕನ್ನಡ ಓದುಗರಿಗೂ ಪರಿಚಿತವಾಗಿದೆ. ಆದರೆ ಅದರ ಹೆಸರು ಇನ್ನೂ ನೆಲೆಗೊಂಡಿಲ್ಲ. ‘ತ್ಯಾಜ್ಯನೀರಿನ ಕಣ್ಗಾವಲು’, ‘ಕೊಳಚೆ ನೀರಿನ ಸಮೀಕ್ಷೆ’, ‘ಚರಂಡಿ ನೀರಿನ ಸರ್ವೇಕ್ಷಣೆ’ ಎಂದು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಾರೆ. ಆಶಾ ಕಾರ್ಯಕರ್ತೆಯರಿಗೂ ಶಾಲಾ ಶಿಕ್ಷಕರಿಗೂ ಉಪಯೋಗವಾಗಲೆಂದು ಒಂದು ಕಿರುಹೊತ್ತಗೆ ಸಿದ್ಧಪಡಿಸುತ್ತಿರುವುದರಿಂದ, ಈ ಪದಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿ, ಉತ್ತರ ಕಾಣದ ಒಂದು ಪ್ರಶ್ನೆಯನ್ನು ಬಲ್ಲವರ ಮುಂದಿಡುತ್ತೇನೆ.

ಮೊದಲು ನೀರಿನ ಹೆಸರು. ‘ಚರಂಡಿ ನೀರು’ ಎಂದರೆ ರಸ್ತೆಬದಿಯ ತೆರೆದ ಮೋರಿಯ ನೀರೂ ಆಗಬಹುದು, ಮಳೆನೀರು ಹೊರುವ ರಾಜಕಾಲುವೆಯ ನೀರೂ ಆಗಬಹುದು. ಧಾರವಾಡದ ಕಡೆ ಇದೇ ‘ಗಟಾರ’. ಪರೀಕ್ಷೆಗೆ ಮುಖ್ಯವಾಗಿ ಬೇಕಾದದ್ದು ಶೌಚಾಲಯದಿಂದ ಬಂದ ನೀರು. ‘ತ್ಯಾಜ್ಯನೀರು’ ಸಂಸ್ಕೃತಕ್ಕೆ ಕನ್ನಡ ಸೇರಿದ ಅರಿಸಮಾಸವೆಂದು ಕೆಲವರು ಆಕ್ಷೇಪಿಸುತ್ತಾರೆ. ಆ ಆಕ್ಷೇಪ ನನ್ನದಲ್ಲ, ಬಳಕೆ ಅದನ್ನು ಎಂದೋ ಒಪ್ಪಿಕೊಂಡಿದೆ. ನನ್ನ ಅಡ್ಡಿ ಬೇರೆ: ಕಾರ್ಖಾನೆಯ ರಾಸಾಯನಿಕ ನೀರೂ ತ್ಯಾಜ್ಯನೀರೇ. ಹಾಗಾಗಿ, ಮನೆಮನೆಯ ಮಲಮೂತ್ರ ಮತ್ತು ಬಚ್ಚಲ ನೀರು ಕೂಡಿದ್ದು ಎಂಬ ಅರ್ಥವನ್ನು ಯಾರಿಗೂ ವಿವರಿಸಬೇಕಿಲ್ಲದೆ ಮುಟ್ಟಿಸುವ ‘ಕೊಳಚೆ ನೀರು’ ಎಂಬುದೇ ಇಲ್ಲಿ ಸರಿಯೆಂದು ನನಗೆ ತೋರುತ್ತದೆ.

ಎರಡನೆಯದು, ಸರ್ವೇಲೆನ್ಸ್ ಎಂಬುದಕ್ಕೆ ಸಮನಾದ ಪದ. ‘ಕಣ್ಗಾವಲು’ ಎಂದೊಡನೆ ನಮಗೆ ನೆನಪಾಗುವುದು ಪೊಲೀಸರು ಮತ್ತು ಸಿಸಿಟಿವಿ ಕ್ಯಾಮೆರಾ. ಸಾವಿರಾರು ಮನೆಗಳ ನೀರು ಬೆರೆತ ಮೇಲೆ ತೆಗೆದ ಮಾದರಿಯಿಂದ ಯಾವ ವ್ಯಕ್ತಿಯ ಗುರುತೂ ಹೊರಬೀಳುವುದಿಲ್ಲ. ಜನರ ಮೇಲೆ ಸಂಶಯದ ನೆರಳು ಬೀಳದಂತೆ ರೋಗದ ಸುಳಿವು ಕೊಡುವುದೇ ಈ ಕ್ರಮದ ಹಿರಿಮೆಯಾಗಿರುವಾಗ, ಅದಕ್ಕೆ ಪೊಲೀಸ್ ವಾಸನೆಯ ಪದ ಅಂಟುವುದು ಅನ್ಯಾಯ. ‘ಜಿಲ್ಲಾ ಸರ್ವೇಕ್ಷಣಾಧಿಕಾರಿ’ ಎಂಬ ಹುದ್ದೆಯ ಹೆಸರಿನಿಂದಾಗಿ ‘ಸರ್ವೇಕ್ಷಣೆ’ಗೆ ಇಲಾಖೆಯ ಮನ್ನಣೆಯಿದೆ, ಆದರೆ ಓದುಗರಿಗೆ ಅದು ‘ಸಮೀಕ್ಷೆ’ಗಿಂತ ಬೇರೆಯಾಗಿ ಕೇಳಿಸುವುದಿಲ್ಲ. ಸಮೀಕ್ಷೆ ಒಮ್ಮೆ ನಡೆದು ಮುಗಿಯುವಂಥದ್ದು, ಇದು ವಾರವಾರವೂ ಬಿಡದೆ ನಡೆಯಬೇಕಾದದ್ದು. ‘ತೀವ್ರ ನಿಗಾ ಘಟಕ’ದ ಮೂಲಕ ಆರೋಗ್ಯದ ಮಾತಿನಲ್ಲಿ ಆಗಲೇ ಬೇರೂರಿರುವ ‘ನಿಗಾ’ ಎಂಬುದರಲ್ಲಿ ಎಚ್ಚರವೂ ಇದೆ, ಕಾಳಜಿಯೂ ಇದೆ.

ಹಾಗೆಂದು ‘ಕೊಳಚೆ ನೀರಿನ ನಿಗಾ’ ಎಂದರೆ ಸಾಲದು. ಷಷ್ಠಿ ವಿಭಕ್ತಿ ಇಲ್ಲಿ ದಾರಿ ತಪ್ಪಿಸುತ್ತದೆ; ನೀರು ಎಷ್ಟು ಕೆಟ್ಟಿದೆಯೆಂದು ನೋಡುತ್ತಾರೆ ಎಂಬ ಅರ್ಥ ಬರುತ್ತದೆ. ನಿಗಾ ಇರುವುದು ರೋಗದ ಮೇಲೆ, ನೀರು ಬರೀ ಸಾಧನ. ಲಂಡನ್ನಿನ ಬೆಕ್‌ಟನ್ ಸಂಸ್ಕರಣಾ ಘಟಕಕ್ಕೆ ಬಂದ ನೀರಿನಲ್ಲಿ 2022ರಲ್ಲಿ ಬಾಯಿಗೆ ಹಾಕುವ ಲಸಿಕೆಯಲ್ಲಿನ ದುರ್ಬಲ ವೈರಸ್ಸೇ ರೂಪಾಂತರಗೊಂಡು ಉಂಟಾದ ಪೋಲಿಯೊ ವೈರಸ್ ಮತ್ತೆ ಮತ್ತೆ ಕಂಡಾಗ, ಅಲ್ಲಿನ ಸರ್ಕಾರ ಕೈಹಾಕಿದ್ದು ನೀರಿಗಲ್ಲ. ಲಂಡನ್ನಿನ 1ರಿಂದ 9 ವರ್ಷದ ಮಕ್ಕಳಿಗೆ ಹೆಚ್ಚುವರಿ ಲಸಿಕೆ ಕೊಡಲು ಮುಂದಾಯಿತು. ಆದ್ದರಿಂದ ‘ಕೊಳಚೆ ನೀರಿನ ಮೂಲಕ ರೋಗನಿಗಾ’ ಎಂಬುದು ನನ್ನ ಸಲಹೆ. ತುಸು ಉದ್ದವಾಯಿತು, ನಿಜ. ಒಮ್ಮೆ ಹೀಗೆ ಹೇಳಿಬಿಟ್ಟರೆ ಮುಂದೆ ‘ರೋಗನಿಗಾ’ ಎಂದಷ್ಟೇ ಬರೆಯಬಹುದು.

ನನ್ನನ್ನು ಹೆಚ್ಚು ಕಾಡಿರುವ ಪದ ‘ಪತ್ತೆ’. ‘ಚರಂಡಿ ನೀರಿನಲ್ಲಿ ಕೊರೊನಾ ಪತ್ತೆ’ ಎಂಬಂಥ ತಲೆಬರಹ ಓದಿದವರು ಆ ನೀರೇ ಕೊರೊನಾ ತಗಲಿಸುತ್ತದೆಂದು ತಿಳಿದರೆ ತಪ್ಪು ಅವರದಲ್ಲ. ಸೋಂಕಿತರ ಮಲದೊಂದಿಗೆ ಹೊರಬಿದ್ದ ಕೊರೊನಾ ವೈರಸ್ಸಿನ ಆರ್‌ಎನ್‌ಎ (ಆನುವಂಶಿಕ ವಸ್ತು) ತುಣುಕುಗಳನ್ನು ಪಿಸಿಆರ್ ಪರೀಕ್ಷೆ ಗುರುತಿಸುತ್ತದೆ. ಅದು ಜೀವಂತ ವೈರಸ್ ಸಿಕ್ಕಿತೆಂಬುದಕ್ಕೆ ಪುರಾವೆಯಲ್ಲ. ಪೋಲಿಯೊ ವಿಷಯ ಹಾಗಲ್ಲ. ಮುಂಬೈಯಲ್ಲಿ 2001ರಲ್ಲಿ ಶುರುವಾದ ಕೊಳಚೆ ನೀರಿನ ಪೋಲಿಯೊ ಪರೀಕ್ಷೆಯಂಥದ್ದರಲ್ಲಿ ಮಾದರಿಯನ್ನು ಸಾಂದ್ರಗೊಳಿಸಿ, ಪೋಲಿಯೊ ವೈರಸ್ ಒಳಹೊಗುವಂತೆ ಮಾರ್ಪಡಿಸಿದ ಇಲಿಯ ಜೀವಕೋಶಗಳ ಮೇಲೆ ಹಾಕಿ, ಕೋಶಗಳು ಸಾಯುತ್ತವೆಯೇ ಎಂದು ದಿನಗಟ್ಟಲೆ ಕಾಯುತ್ತಾರೆ. ಅಲ್ಲಿ ಸಿಗುವುದು ಬೆಳೆಯಬಲ್ಲ ವೈರಸ್. ಇವೆರಡಕ್ಕೂ ಒಂದೇ ‘ಪತ್ತೆ’ ಸಾಲದು. ಮೊದಲನೆಯದಕ್ಕೆ ‘ವೈರಸ್ಸಿನ ಕುರುಹು ಕಂಡಿದೆ’ ಎಂದೂ ಎರಡನೆಯದಕ್ಕೆ ಮಾತ್ರ ‘ವೈರಸ್ ಸಿಕ್ಕಿದೆ’ ಎಂದೂ ಬರೆಯಬೇಕೆಂಬುದು ನನ್ನ ಆಗ್ರಹ. ಕೊಳಚೆ ನೀರು ನಿರಪಾಯಕಾರಿ ಎಂದು ಇದರರ್ಥವಲ್ಲ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿ ಅದರಿಂದಲೇ ಹರಡುತ್ತವೆ, ಅದರ ನಡುವೆ ದುಡಿಯುವವರಿಗೆ ಇದು ಚೆನ್ನಾಗಿ ಗೊತ್ತು.

ಬೆಂಗಳೂರಿನ ಮಟ್ಟಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2022ರಲ್ಲಿ ನಗರದ 28 ಸಂಸ್ಕರಣಾ ಘಟಕಗಳ ಮಾದರಿಗಳಲ್ಲಿ ಕೊರೊನಾದ ಡೆಲ್ಟಾ ತಳಿ ಹಿಂದೆ ಸರಿದು ಒಮಿಕ್ರಾನ್ ಮೇಲುಗೈ ಪಡೆದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಇಂಥ ಮಾದರಿಯನ್ನು ತೆಗೆಯುವುದು ಘಟಕಕ್ಕೆ ನೀರು ಬಂದು ಬೀಳುವ ಕಡೆ, ಸಂಸ್ಕರಣೆಗೆ ಮುಂಚೆ. ನಗರದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕದ ಬಗ್ಗೆ ‘ಕೆ.ಸಿ. ವ್ಯಾಲಿ ನೀರಿನಲ್ಲಿ ವೈರಸ್’ ಎಂದು ಯಾರಾದರೂ ಬರೆದರೆ, ಅಲ್ಲಿಂದ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸಿಕೊಳ್ಳುವ, ಅದರ ಶುದ್ಧತೆಯ ಬಗ್ಗೆ ಮೊದಲೇ ಆತಂಕವಿರುವ ಕೋಲಾರದವರು ಅದನ್ನು ಹೇಗೆ ಓದಿಯಾರು? ‘ಒಳಬರುವ ಕೊಳಚೆ ನೀರು’ ಎಂದು ಸ್ಪಷ್ಟವಾಗಿ ಬರೆಯಲೇಬೇಕು.

‘ಸಮುದಾಯ’ ಎಂಬ ಪದವನ್ನು ಕೈಬಿಡುವುದು ಲೇಸು. ಕನ್ನಡದಲ್ಲಿ ಅದು ಜಾತಿ, ಮತದ ಗುಂಪನ್ನು ಸೂಚಿಸುವುದೇ ಹೆಚ್ಚು. ‘ಸಮುದಾಯದಲ್ಲಿ ಸೋಂಕು’ ಎಂದರೆ ‘ಯಾವ ಸಮುದಾಯದಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ‘ಊರಿನಲ್ಲಿ’, ‘ಬಡಾವಣೆಯಲ್ಲಿ’ ಎಂದರೆ ಸಾಕು. ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ 2020ರ ಮಾರ್ಚ್‌ನಲ್ಲಿ ಮೊದಲ ರೋಗಿಗಳು ವರದಿಯಾಗುವುದಕ್ಕೆ 6 ದಿನ ಮುಂಚೆ ಕೊರೊನಾ ಕುರುಹು ಕಂಡದ್ದು ಒಂದು ಊರಿನ ಸುದ್ದಿ, ಯಾವುದೇ ಗುಂಪಿನದಲ್ಲ.

ಇನ್ನು ನನ್ನ ಪ್ರಶ್ನೆ. ಒಂದು ಮಾದರಿ ತೆಗೆಯುವ ಜಾಗಕ್ಕೆ ಯಾವ ಯಾವ ಬೀದಿಗಳ ಕೊಳಚೆ ಬಂದು ಸೇರುತ್ತದೆಯೋ ಆ ಇಡೀ ಪ್ರದೇಶಕ್ಕೆ ಕನ್ನಡದಲ್ಲಿ ಏನನ್ನಬೇಕು? ಈ ಪ್ರದೇಶದ ಗಡಿ ವಾರ್ಡಿನ ಗಡಿಗೆ ಹೊಂದುವುದಿಲ್ಲವಾದ್ದರಿಂದ ಪ್ರತ್ಯೇಕ ಹೆಸರು ಬೇಕೇ ಬೇಕು. ‘ಅಚ್ಚುಕಟ್ಟು’ ಸೊಗಸಾದ ಪದ, ಆದರೆ ಅದು ಕೆರೆಯಿಂದ ನೀರು ಪಡೆಯುವ ನೆಲವೇ ಹೊರತು ಕೆರೆಗೆ ನೀರು ಕೊಡುವ ನೆಲವಲ್ಲ. ‘ಜಲಾನಯನ’ದ ದಿಕ್ಕು ಸರಿಯಿದ್ದರೂ ಅದು ಮಳೆಗೆ ಮೀಸಲಾಗಿದೆ. ಒಳಚರಂಡಿಯ ಕೆಲಸದಲ್ಲಿರುವ ಎಂಜಿನಿಯರುಗಳೋ ಮೇಸ್ತ್ರಿಗಳೋ ತಮ್ಮ ಮಾತಿನಲ್ಲಿ ಇದಕ್ಕೊಂದು ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ‘ಕೊಳಚೆ ಹರಿವಿನ ವ್ಯಾಪ್ತಿ’ ಎಂದು ಬರೆಯುತ್ತಿದ್ದೇನೆ.