ಮೈಕ್ರೋಮೀಟರ್ ಸರ್ಟಿಫಿಕೇಟ್‌ನಲ್ಲಿ ಪಾಸೋ ಫೇಲೋ ಬರೆದಿಲ್ಲ, ಡ್ಯೂ ಡೇಟೂ ಇಲ್ಲ

ಟರ್ನಿಂಗ್ ಶಾಪ್, ಪೀಣ್ಯ:
0–25 ಮಿ.ಮೀ. ಅಳೆಯುವ ಡಿಜಿಟಲ್ ಮೈಕ್ರೋಮೀಟರ್, ಲೀಸ್ಟ್ ಕೌಂಟ್ (ತೋರಿಸುವ ಅತಿ ಚಿಕ್ಕ ಅಳತೆ) 0.001 ಮಿ.ಮೀ., ಅಂದರೆ 1 ಮೈಕ್ರಾನ್. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್ ಕೊಟ್ಟ ಕ್ಯಾಲಿಬ್ರೇಷನ್ (ಉಪಕರಣ ಸರಿ ಅಳೆಯುತ್ತಾ ಅನ್ನೋ ಪರೀಕ್ಷೆ) ಸರ್ಟಿಫಿಕೇಟ್‌ನಲ್ಲಿ 12.9 ಮಿ.ಮೀ. ಹತ್ತಿರ ಎರರ್ +3 ಮೈಕ್ರಾನ್, ಅನ್‌ಸರ್ಟನಿಟಿ (ಲ್ಯಾಬ್‌ನ ಅಳತೆಯಲ್ಲೇ ಇರೋ ಅನಿಶ್ಚಿತತೆ) ±2. ನಾವು ಇಟ್ಟುಕೊಂಡ ಲಿಮಿಟ್ ±4. ಪಾಸ್ ಅಂತ ಎಲ್ಲೂ ಬರೆದಿಲ್ಲ, ಮುಂದಿನ ಕ್ಯಾಲಿಬ್ರೇಷನ್‌ನ ಡ್ಯೂ ಡೇಟೂ ಇಲ್ಲ. ಆಡಿಟರ್ ಎರಡನ್ನೂ ಕೇಳ್ತಿದ್ದಾರೆ. ಲ್ಯಾಬ್‌ನವರ ತಪ್ಪಾ?

ಗೇಜ್ ರೂಮ್:
ತಪ್ಪಲ್ಲ ಸರ್. ನಿಮ್ಮ ಜೊತೆ ಒಪ್ಪಂದವಾಗದೆ ಅವಧಿ ಹಾಕುವಂತಿಲ್ಲ ಅಂತ ಲ್ಯಾಬ್‌ಗಳ ಮಾನದಂಡ ಐಎಸ್‌ಒ/ಐಇಸಿ 17025:2017ರ 7.8.4.3ರಲ್ಲೇ ಇದೆ. ಡ್ಯೂ ಡೇಟ್ ನಿಗದಿ ಮಾಡೋದು ನಿಮ್ಮ ಕೆಲಸ: ಎಷ್ಟು ಬಳಕೆ, ಹಿಂದಿನ ಸರ್ಟಿಫಿಕೇಟ್‌ಗಿಂತ ಎಷ್ಟು ಸರಿದಿದೆ ನೋಡಿ ನಿಮ್ಮ ರಿಜಿಸ್ಟರ್‌ನಲ್ಲಿ ಬರೆದಿಡಿ.

ಪಾಸ್–ಫೇಲ್ ಬೇಕಿದ್ದರೆ ಉಪಕರಣ ಕಳಿಸುವಾಗಲೇ ಲಿಮಿಟ್ಟು, ಡಿಸಿಷನ್ ರೂಲು (ಅನ್‌ಸರ್ಟನಿಟಿಯನ್ನ ಹೇಗೆ ಲೆಕ್ಕಕ್ಕೆ ತಗೊಂಡು ಪಾಸ್–ಫೇಲ್ ಹೇಳಬೇಕು ಅನ್ನೋ ನಿಯಮ) ಎರಡನ್ನೂ ಚಲನ್ ಜೊತೆ ಬರೆದುಕೊಡಬೇಕಿತ್ತು. ನಿಮ್ಮ ಅಂಕಿಯಲ್ಲಿ ಇದು ಬರೀ ಕಾಗದದ ಮಾತಲ್ಲ. ಅನ್‌ಸರ್ಟನಿಟಿ ಲೆಕ್ಕಕ್ಕೆ ತಗೊಳ್ಳದಿದ್ದರೆ 3 ಅನ್ನೋದು 4ರ ಒಳಗೆ, ಪಾಸ್. ಅನ್‌ಸರ್ಟನಿಟಿಯಷ್ಟೇ ಅಗಲದ ಗಾರ್ಡ್ ಬ್ಯಾಂಡ್ (ಲಿಮಿಟ್‌ನ ಒಳಗೆ ಬಿಡೋ ಸುರಕ್ಷತೆಯ ಅಂತರ) ಬಿಟ್ಟರೆ ಒಪ್ಪುವ ಮಿತಿ 4 − 2 = 2, ಆಗ ಪಾಸ್ ಅನ್ನೋಕಾಗಲ್ಲ. ಒಂದೇ ರೀಡಿಂಗ್, ಎರಡು ಉತ್ತರ. ಯಾವ ರೂಲ್ ಅಂತ ಮೊದಲೇ ತೀರ್ಮಾನಿಸಿ; ರಿಸಲ್ಟ್ ನೋಡಿಕೊಂಡು ಆರಿಸಬೇಡಿ.

ಸ್ಲಿಪ್ ಗೇಜ್:
12.9 ಯಾಕೆ ಅಂತ ಗೊತ್ತಿದ್ದರೆ ಈ ಎರರ್ ಅರ್ಥವಾಗುತ್ತೆ. ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸರಿಯೋ ದೂರ) 0.5 ಮಿ.ಮೀ. ಬರೀ 5, 10, 15ರಲ್ಲಿ ನೋಡಿದರೆ ಥಿಂಬಲ್ (ತಿರುಗಿಸೋ ಹಿಡಿ) ಪ್ರತಿ ಸಲ ಒಂದೇ ಕೋನದಲ್ಲಿ ನಿಲ್ಲುತ್ತೆ, ಸುತ್ತಿನೊಳಗಿನ ದೋಷ ಸಿಗೋದೇ ಇಲ್ಲ. ಅದಕ್ಕೇ 2.5, 5.1, 7.7, 10.3, 12.9 ಅಂತ ಸ್ಲಿಪ್ (ನಿಖರ ಅಳತೆಯ ತುಂಡು) ಹಾಕ್ತಾರೆ.

ಎಲ್ಲಾ ಪಾಯಿಂಟ್‌ನಲ್ಲೂ +3 ಇದ್ದರೆ ಝೀರೋ ಸರಿದಿದೆ: ಅಳೆಯೋ ಭಾಗ ಹಿಡಿಯುವ ಅನ್ವಿಲ್, ಸ್ಪಿಂಡಲ್ ಮುಖ ಒರೆಸಿ, ರಾಚೆಟ್ (ಒತ್ತಡ ಒಂದೇ ಸಮ ಇಡೋ ತುದಿಯ ಗುಂಡಿ) ಹಿಡಿದೇ ಝೀರೋ ಮಾಡಿದರೆ ಹೋಗುತ್ತೆ. 12.9ರ ಸುತ್ತ ಮಾತ್ರ ಇದ್ದರೆ ಸದಾ ಒಂದೇ ಸೈಜ್ ಅಳೆದು ಅಲ್ಲಿ ಸ್ಕ್ರೂ ಸವೆದಿರಬಹುದು. ಝೀರೋ ತಿರುಗಿಸಿದರೆ ಮಿಕ್ಕ ಪಾಯಿಂಟ್ ಕೆಡುತ್ತೆ ಅಷ್ಟೆ.

ಟರ್ನಿಂಗ್ ಶಾಪ್, ಪೀಣ್ಯ:
12.9ರಲ್ಲಿ ಮಾತ್ರ. ಝೀರೋದಲ್ಲಿ 0, 25ರಲ್ಲಿ +1. ಜಾಬ್ (ನಾವು ಮಾಡಿ ಅಳೆಯೋ ಭಾಗ) ಟಾಲರೆನ್ಸ್ ±0.02 ಮಿ.ಮೀ.

ಸ್ಲಿಪ್ ಗೇಜ್:
ಹಾಗಾದರೆ ಸವೆತ ಇರಬಹುದು. ±20 ಮೈಕ್ರಾನ್ ಜಾಬ್‌ಗೆ 3 ಮೈಕ್ರಾನ್ ದೊಡ್ಡದಲ್ಲ, ಬಳಸಿ. ±5ರ ಜಾಬ್‌ಗೆ ಮುಟ್ಟಬೇಡಿ. ಅದನ್ನೇ ಬರೆದು ಉಪಕರಣದ ಮೇಲೆ ಚೀಟಿ ಅಂಟಿಸಿ.

ಗೇಜ್ ರೂಮ್:
ಒಂದು ಸೇರಿಸ್ತೀನಿ. ಲ್ಯಾಬ್‌ನ ಸ್ಕೋಪ್ (ಯಾವ ಅಳತೆಗಳಿಗೆ ಮಾನ್ಯತೆ ಇದೆ ಅನ್ನೋ ಪಟ್ಟಿ) ತೆಗೆದು ಮೈಕ್ರೋಮೀಟರ್‌ಗೆ ಸಿಎಂಸಿ (ಆ ಲ್ಯಾಬ್ ಕೊಡಬಲ್ಲ ಅತಿ ಕಡಿಮೆ ಅನ್‌ಸರ್ಟನಿಟಿ) ಎಷ್ಟಿದೆ ನೋಡಿ. ಸರ್ಟಿಫಿಕೇಟ್‌ನ ಅನ್‌ಸರ್ಟನಿಟಿ ಅದಕ್ಕಿಂತ ಕಡಿಮೆ ಇರೋ ಹಾಗಿಲ್ಲ. ರಿಪೇರಿಗೆ ಕೊಟ್ಟರೆ ಅಡ್ಜಸ್ಟ್ ಮಾಡುವ ಮೊದಲಿನ ರೀಡಿಂಗೂ ಕೇಳಿ ಪಡೀರಿ. ಇಷ್ಟು ದಿನ ಅಳೆದ ಜಾಬ್ ಸರಿಯಿತ್ತಾ ಅಂತ ಆಡಿಟರ್ ಕೇಳಿದಾಗ ತೋರಿಸೋಕೆ ಇರೋದು ಅದೊಂದೇ.