‘ಹೂ ಗ್ರೋ’ ಸರಿಯೋ, ‘ಹೂ ಗ್ರೋಸ್’ ಸರಿಯೋ? ಉಪವಾಕ್ಯದೊಳಗಿನ ಕ್ರಿಯಾಪದದ ವಚನ

ಕಲಬುರಗಿಯಿಂದ ಪ್ರಶ್ನೆ

ಶರಣು. ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಇಂಗ್ಲಿಷ್ ವ್ಯಾಕರಣದ ಟಿಪ್ಪಣಿ ಬರೆಯುವಾಗ ಎರಡು ಕಡೆ ತೊಡಕಾಗಿದೆ.

ಮೊದಲನೆಯದು ಹೆಸರಿನದು. ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವ ‘ಸಬ್ಜೆಕ್ಟ್-ವರ್ಬ್ ಅಗ್ರಿಮೆಂಟ್’ಗೆ ಕನ್ನಡದಲ್ಲಿ ಏನನ್ನಬೇಕು? ಅಗ್ರಿಮೆಂಟ್ ಅಂದರೆ ನಮ್ಮ ಕಡೆ ಮನೆ ಬಾಡಿಗೆಯ ಬಾಂಡ್ ಪೇಪರ್. ‘ಅನ್ವಯ’ ಅನ್ನೋಣವೇ, ‘ಹೊಂದಾಣಿಕೆ’ ಅನ್ನೋಣವೇ?

ಎರಡನೆಯದು ಈ ವಾಕ್ಯ: ‘ಹಿ ಈಸ್ ಒನ್ ಆಫ್ ದ ಫಾರ್ಮರ್ಸ್ ಹೂ ಗ್ರೋ ತೂರ್ ಇನ್ ಆಳಂದ.’ ಮಾತು ಒಬ್ಬನ ಬಗ್ಗೆ ತಾನೇ ಎಂದು ಮಕ್ಕಳು ‘ಗ್ರೋಸ್’ ಬರೆಯುತ್ತಾರೆ. ತಪ್ಪು ಹಾಕಿದರೆ ಕಾರಣ ಕೇಳುತ್ತಾರೆ. ‘ಹೂ ಎಂಬುದು ಹಿಂದಿನ ನಾಮಪದವನ್ನು ಹಿಡಿಯುತ್ತದೆ’ ಎಂಬ ಸೂತ್ರ ಬಾಯಿಪಾಠವಾಗುತ್ತದೆ, ಉತ್ತರಪತ್ರಿಕೆಗೆ ಇಳಿಯುವುದಿಲ್ಲ. ಒಂದೇ ವಾಕ್ಯದಲ್ಲಿ ಉಪವಾಕ್ಯ ಎರಡಾದವೆಂದರೆ ಯಾವ ಕ್ರಿಯಾಪದ ಯಾರದು ಎಂಬುದೇ ತಿಳಿಯದಂತಾಗುತ್ತದೆ. ಬಲ್ಲವರು ಬಿಡಿಸಿ ಹೇಳಬೇಕ್ರಿ.

ಯಾದಗಿರಿಯಿಂದ ಉತ್ತರ

‘ಅನ್ವಯ’ ಬೇಡ. ಹಳಗನ್ನಡ ಪಾಠದಲ್ಲಿ ಅನ್ವಯ ಮಾಡುವುದೆಂದರೆ ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ತರುವುದು. ಮಕ್ಕಳಿಗೆ ಆ ಅರ್ಥ ಮೊದಲೇ ಕೂತಿದೆ. ‘ಹೊಂದಾಣಿಕೆ’ಯಲ್ಲಿ ಇಬ್ಬರೂ ಅಷ್ಟಷ್ಟು ಬಗ್ಗುವ ಧ್ವನಿ ಇದೆ. ಇಲ್ಲಿ ಬಗ್ಗುವುದು ಕ್ರಿಯಾಪದ ಮಾತ್ರ, ಕರ್ತೃ ಅಲುಗಾಡುವುದಿಲ್ಲ. ‘ಕರ್ತೃ-ಕ್ರಿಯಾ ಹೊಂದಿಕೆ’ ಎಂದರೆ ಸಾಕು.

ಇನ್ನು ವಾಕ್ಯಕ್ಕೆ ಬರೋಣ. ‘ಗ್ರೋ’ ಸರಿ. ಮಕ್ಕಳು ತಪ್ಪುವುದಕ್ಕೆ ಕಾರಣ ನಮ್ಮ ಭಾಷೆಯ ಕಟ್ಟಿನಲ್ಲೇ ಇದೆ. ‘ತೊಗರಿ ಬೆಳೆಯುವ ರೈತ’, ‘ತೊಗರಿ ಬೆಳೆಯುವ ರೈತರು’: ಒಬ್ಬನಿರಲಿ, ನೂರು ಮಂದಿ ಇರಲಿ, ‘ಬೆಳೆಯುವ’ ಹಾಗೇ ಇರುತ್ತದೆ. ಕನ್ನಡದ ಈ ಕೃದಂತಕ್ಕೆ (ಕ್ರಿಯಾಪದದಿಂದ ಹುಟ್ಟಿ ನಾಮಪದದ ಮುಂದೆ ಕೂರುವ ರೂಪಕ್ಕೆ) ಲಿಂಗವಿಲ್ಲ, ವಚನವಿಲ್ಲ. ಅವೆಲ್ಲ ಕೊನೆಯ ಕ್ರಿಯಾಪದದ ಪಾಲು. ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’, ‘ದ್ಯಾಟ್’ ಆದ ಮೇಲೆ ಬರುವುದು ಪೂರ್ಣ ಕ್ರಿಯಾಪದ, ಅದಕ್ಕೂ ವಚನ ಬೇಕು. ಅಲ್ಲೊಂದು ಆಯ್ಕೆ ಮಾಡಬೇಕಾಗಿದೆ ಎಂಬುದೇ ಕನ್ನಡದ ಮಗುವಿಗೆ ಹೊಳೆಯುವುದಿಲ್ಲ.

ಆದರೆ ಕೈಹಿಡಿಯುವುದೂ ಅದೇ ಕೃದಂತ. ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ: ‘ಆಳಂದದಲ್ಲಿ ತೊಗರಿ ಬೆಳೆಯುವ ರೈತರಲ್ಲಿ ಅವನೂ ಒಬ್ಬ.’ ‘ಬೆಳೆಯುವ’ ಯಾವ ಪದದ ಮುಂದೆ ಕೂತಿದೆ? ರೈತರು. ಬಹುವಚನ, ಹಾಗಾಗಿ ‘ಗ್ರೋ’. ಈಗ ‘ಹಿ ಈಸ್ ದ ಓನ್ಲಿ ಒನ್ ಆಫ್ ದ ಫಾರ್ಮರ್ಸ್ ಹೂ ಗ್ರೋಸ್ ತೂರ್’ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಆ ರೈತರಲ್ಲಿ ತೊಗರಿ ಬೆಳೆಯುವವನು ಅವನೊಬ್ಬನೇ’. ಕೃದಂತ ರೈತರನ್ನು ಬಿಟ್ಟು ‘ಅವನ’ ಹತ್ತಿರ ಸರಿಯಿತು, ಏಕವಚನ, ‘ಗ್ರೋಸ್’. ಕೃದಂತ ಜಾಗ ಬದಲಿಸಿದ್ದನ್ನು ಮಗು ತನ್ನ ಕಿವಿಯಿಂದಲೇ ಹಿಡಿಯುತ್ತದೆ. ಮೊದಲ ಬಗೆಯ ವಾಕ್ಯದಲ್ಲೂ ಏಕವಚನ ಬರೆಯುವ ಇಂಗ್ಲಿಷರಿದ್ದಾರೆ, ‘ಒನ್’ ಅವರನ್ನೂ ಎಳೆಯುತ್ತದೆ. ಆದರೆ ಪರೀಕ್ಷೆಗೆ ಬಹುವಚನವನ್ನೇ ಕಲಿಸಿ.

ಉಪವಾಕ್ಯ ಎರಡಾದಾಗ ಒಳಗಿನಿಂದ ಹೊರಗೆ ಬರಬೇಕು. ಈ ವಾಕ್ಯ ನೋಡಿ: ‘ದ ತೂರ್ ದ್ಯಾಟ್ ದ ಟ್ರೇಡರ್ಸ್ ಹೂ ಕಮ್ ಫ್ರಮ್ ಸೊಲ್ಲಾಪುರ ಬೈ ಈಸ್ ಸ್ಟೋರ್ಡ್ ನಿಯರ್ ನೆಹರೂ ಗಂಜ್.’ ಇಲ್ಲಿ ಕ್ರಿಯಾಪದ ಮೂರು: ‘ಕಮ್’, ‘ಬೈ’ (ಕೊಳ್ಳು), ‘ಈಸ್’. ಮೂರಕ್ಕೂ ಒಬ್ಬೊಬ್ಬ ಕರ್ತೃ ಸಿಗಲೇಬೇಕು. ‘ಹೂ’ದಿಂದ ‘ಸೊಲ್ಲಾಪುರ’ದವರೆಗೆ ಪೆನ್ಸಿಲಿನಿಂದ ತೆಳ್ಳಗೆ ಗೆರೆ ಹೊಡೆಯಿರಿ, ಬರುವವರು ವ್ಯಾಪಾರಿಗಳು, ‘ಕಮ್’ ಇತ್ಯರ್ಥವಾಯಿತು. ಉಳಿದದ್ದು ‘ದ ತೂರ್ ದ್ಯಾಟ್ ದ ಟ್ರೇಡರ್ಸ್ ಬೈ ಈಸ್ ಸ್ಟೋರ್ಡ್’. ಈಗ ‘ದ್ಯಾಟ್’ನಿಂದ ‘ಬೈ’ವರೆಗೆ ಹೊಡೆಯಿರಿ, ಕೊಳ್ಳುವವರೂ ವ್ಯಾಪಾರಿಗಳೇ. ಕೊನೆಗೆ ಉಳಿಯುವುದು ‘ದ ತೂರ್ ಈಸ್ ಸ್ಟೋರ್ಡ್’. ಮಕ್ಕಳು ಇಲ್ಲಿ ‘ಆರ್’ ಬರೆಯುವುದು ಹತ್ತಿರದ ‘ಟ್ರೇಡರ್ಸ್’ ಇನ್ನೂ ಕಿವಿಯಲ್ಲಿರುವುದರಿಂದ. ಗೆರೆ ಬಿದ್ದ ಮೇಲೆ ಆ ಪದ ಅಡ್ಡ ಬರುವುದಿಲ್ಲ. ಗೆರೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟದ ಜಾಗ: ಎರಡು ಪೂರ್ಣ ಕ್ರಿಯಾಪದ ಬೆನ್ನಿಗೆ ಬೆನ್ನು ತಾಗಿ ನಿಂತಿದ್ದರೆ (‘ಬೈ ಈಸ್’) ಅವೆರಡರ ನಡುವೆಯೇ ಉಪವಾಕ್ಯದ ಗಡಿ.

ಇನ್ನೊಂದು. ನಾಮಪದದ ಎಸ್ ಬಹುವಚನದ್ದು, ಕ್ರಿಯಾಪದದ ಎಸ್ ಏಕವಚನದ್ದು. ಇದನ್ನು ಬಿಡಿಸಿ ಹೇಳದಿದ್ದರೆ ‘ಫಾರ್ಮರ್ಸ್ ಗ್ರೋಸ್’ ಎಂದು ಎರಡಕ್ಕೂ ಎಸ್ ಅಂಟಿಸುತ್ತಾರೆ.

ಬೀದರಿನಿಂದ ಉತ್ತರ

ಯಾದಗಿರಿಯವರ ಕೃದಂತದ ಉಪಾಯ ಒಳ್ಳೆಯದು, ಆದರೆ ಒಂದು ಕಡೆ ಕೈಕೊಡುತ್ತದೆ. ‘ತೊಗರಿ ಬೆಳೆಯುವ ರೈತರ ಮಗ’ ಎಂದಾಗ ಬೆಳೆಯುವುದು ರೈತರೋ, ಮಗನೋ? ಕನ್ನಡ ಹೇಳುವುದಿಲ್ಲ. ಇಂಗ್ಲಿಷ್ ಹೇಳುತ್ತದೆ: ‘ದ ಸನ್ ಆಫ್ ದ ಫಾರ್ಮರ್ಸ್ ಹೂ ಗ್ರೋ ತೂರ್’ ಎಂದರೆ ಬೆಳೆಯುವವರು ರೈತರು, ‘ಹೂ ಗ್ರೋಸ್ ತೂರ್’ ಎಂದರೆ ಮಗ. ಅರ್ಥವೆಲ್ಲ ಒಂದು ಎಸ್ ಮೇಲೆ ನಿಂತಿದೆ. ಷಷ್ಠಿ ವಿಭಕ್ತಿ ಇರುವಲ್ಲಿ ಕೃದಂತವನ್ನು ನಂಬಬೇಡಿ.

ಅಲ್ಲಿ ಕನ್ನಡದ ಇನ್ನೊಂದು ಕಟ್ಟು ನೆರವಿಗೆ ಬರುತ್ತದೆ: ‘ಯಾವ ರೈತ ತೊಗರಿ ಬೆಳೆಯುತ್ತಾನೋ ಅವನು’, ‘ಯಾವ ರೈತರು ಬೆಳೆಯುತ್ತಾರೋ ಅವರು’. ಇದರೊಳಗೆ ಕ್ರಿಯಾಪದ ಪೂರ್ಣವಾಗಿದೆ, ವಚನ ಬಾಯಲ್ಲೇ ಬರುತ್ತದೆ. ‘ತಾನೋ’ ಬಂದರೆ ಎಸ್ ಹಚ್ಚು, ‘ತಾರೋ’ ಬಂದರೆ ಬಿಡು. ನಮ್ಮ ಜಿಲ್ಲೆಗಳಲ್ಲಿ ಮತ್ತೊಂದು ಅನುಕೂಲವಿದೆ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವರು; ಉರ್ದು ಇಂದಿಗೂ ಮನೆಯಲ್ಲಿ, ಬಜಾರಿನಲ್ಲಿ ಇದೆ, ಭಾಲ್ಕಿ-ಔರಾದ ಕಡೆ ಮರಾಠಿ ಇದೆ. ‘ಜೋ ಕಿಸಾನ್ ತೂರ್ ಉಗಾತಾ ಹೈ’, ‘ಜೋ ಕಿಸಾನ್ ತೂರ್ ಉಗಾತೇ ಹೈಂ’. ಮರಾಠಿಯಲ್ಲಿ ‘ಜೋ ಶೇತಕರೀ ಪಿಕವತೋ’, ‘ಜೇ ಶೇತಕರೀ ಪಿಕವತಾತ’. ಎರಡರಲ್ಲೂ ಉಪವಾಕ್ಯದ ಕ್ರಿಯಾಪದ ವಚನ ಹೇಳುತ್ತದೆ. ತರಗತಿಯಲ್ಲಿ ಉರ್ದು, ಮರಾಠಿ ಬಲ್ಲ ಮಕ್ಕಳಿದ್ದರೆ ಅವರ ಬಾಯಿಂದಲೇ ಹೇಳಿಸಿ. ಪಕ್ಕದಲ್ಲಿ ಕೂತ ಕನ್ನಡದ ಹುಡುಗನಿಗೂ ವಿಷಯ ಹತ್ತುತ್ತದೆ.

ತಪ್ಪಿನ ಬೇರು ಇನ್ನೂ ಎರಡಿವೆ. ಗೌರವದ ಬಹುವಚನ ಒಂದು. ‘ಬೀದರಿನಿಂದ ಬಂದಿರುವ ನಮ್ಮ ಮಾಸ್ತರರು ಒಳ್ಳೆಯವರಿದ್ದಾರೆ’ ಎಂಬ ಮಗು ‘ಅವರ್ ಟೀಚರ್, ಹೂ ಹ್ಯಾವ್ ಕಮ್ ಫ್ರಮ್ ಬೀದರ್, ಆರ್ ಗುಡ್’ ಎಂದು ಬರೆಯುತ್ತದೆ. ಮಾಸ್ತರರನ್ನು ಏಕವಚನಕ್ಕೆ ಇಳಿಸಲು ಮಗುವಿಗೆ ಮನಸ್ಸು ಬರುವುದಿಲ್ಲ. ಇಂಗ್ಲಿಷಿನಲ್ಲಿ ಎಷ್ಟೇ ದೊಡ್ಡವರಾದರೂ ಒಬ್ಬರಿದ್ದರೆ ‘ಹ್ಯಾಸ್’, ‘ಈಸ್’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಎರಡನೆಯದು ನಪುಂಸಕ ಲಿಂಗ. ‘ಹತ್ತು ಚೀಲ ಬಂದಿದೆ’, ‘ಹತ್ತು ಚೀಲ ಬಂದಿವೆ’ ಎರಡೂ ನಮಗೆ ನಡೆಯುತ್ತವೆ. ‘ದ ಟೆನ್ ಬ್ಯಾಗ್ಸ್ ದ್ಯಾಟ್ ಹ್ಯಾಸ್ ಕಮ್’ ಹುಟ್ಟುವುದು ಅಲ್ಲಿಂದ. ಇಂಗ್ಲಿಷಿನಲ್ಲಿ ಚೀಲಕ್ಕೂ ಮನುಷ್ಯರಿಗೂ ಲೆಕ್ಕ ಒಂದೇ.

ಕಲಬುರಗಿಯಿಂದ

‘ಹೊಂದಿಕೆ’ ಹಾಕಿಕೊಂಡೆ. ತಾನೋ-ತಾರೋ ಉಪಾಯವೂ ಟಿಪ್ಪಣಿಗೆ ಸೇರಿತು. ಒಂದೇ ಉಳಿದದ್ದು: ಉಪವಾಕ್ಯವೇ ಕರ್ತೃವಾದರೆ? ‘ವಾಟ್ ಅವರ್ ಸ್ಕೂಲ್ ನೀಡ್ಸ್ ಈಸ್ ಟೂ ರೂಮ್ಸ್’ ಎನ್ನಬೇಕೋ ‘ಆರ್ ಟೂ ರೂಮ್ಸ್’ ಎನ್ನಬೇಕೋ?

ಬೀದರಿನಿಂದ

ಇಲ್ಲಿ ಕನ್ನಡದಿಂದ ಸುಳಿವೇ ಸಿಗುವುದಿಲ್ಲ. ‘ನಮ್ಮ ಶಾಲೆಗೆ ಬೇಕಾಗಿರುವುದು ಎರಡು ಕೋಣೆಗಳು’ ಎಂದರೆ ವಾಕ್ಯ ಮುಗಿಯಿತು, ಕೊನೆಯಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನಲ್ಲಿ ಉಪವಾಕ್ಯ ಕರ್ತೃವಾದಾಗ ಸಾಮಾನ್ಯವಾಗಿ ಏಕವಚನ: ‘ದ್ಯಾಟ್ ದ ರೇನ್ಸ್ ಫೇಲ್ಡ್ ಈಸ್ ಟ್ರೂ.’ ಒಳಗಿನ ‘ರೇನ್ಸ್’ ಬಹುವಚನವಾದರೂ ಹೊರಗೆ ‘ಈಸ್’. ನಮ್ಮ ‘ಮಳೆಗಳು ಕೈಕೊಟ್ಟಿದ್ದು ನಿಜ’ದಲ್ಲಿ ‘ಕೊಟ್ಟಿದ್ದು’ ಏಕವಚನವಾದ ಹಾಗೆ. ‘ವಾಟ್’ ಉಪವಾಕ್ಯದ ಮುಂದೆ ಬಹುವಚನದ ನಾಮಪದ ಬಂದರೆ ಮಾತ್ರ ‘ಈಸ್’, ‘ಆರ್’ ಎರಡೂ ಬಳಕೆಯಲ್ಲಿವೆ. ಬೇಕಾದದ್ದನ್ನು ಒಟ್ಟಾಗಿ ಕಂಡರೆ ‘ಈಸ್’, ಎರಡು ಬೇರೆ ಬೇರೆ ವಸ್ತುಗಳೆಂದು ಕಂಡರೆ ‘ಆರ್’. ಎರಡು ‘ವಾಟ್’ ಉಪವಾಕ್ಯಗಳನ್ನು ‘ಆ್ಯಂಡ್’ ಸೇರಿಸಿ ಅವೆರಡೂ ಬೇರೆ ಎಂದು ಹೇಳುವಾಗ ಆಯ್ಕೆಯಿಲ್ಲ: ‘ವಾಟ್ ಹಿ ಸೇಸ್ ಆ್ಯಂಡ್ ವಾಟ್ ಹಿ ಡಸ್ ಆರ್ ಡಿಫರೆಂಟ್.’ ಹತ್ತನೇ ತರಗತಿಗೆ ‘ಟೂ ರೂಮ್ಸ್’ ವಾಕ್ಯವನ್ನು ಬಿಟ್ಟ ಜಾಗ ತುಂಬುವ ಪ್ರಶ್ನೆಯಾಗಿ ಕೊಡಬೇಡಿ; ಎರಡು ಸರಿ ಉತ್ತರವಿರುವಲ್ಲಿ ಒಂದಕ್ಕೆ ಮಾತ್ರ ಅಂಕ ಕೊಟ್ಟರೆ ಅನ್ಯಾಯ.