ಡ್ರಮ್ ತಿರುಗಿಸಿದರೆ ರೋಬೋ ಹಾಗೇ ನಿಂತುಬಿಡುತ್ತದೆ, ಯಾರಾದರೂ ಸಹಾಯ ಮಾಡಿ

ತುಮಕೂರು_ಇರುವೆ
ಮೂರು ದಿನದಿಂದ ತಲೆ ಕೆಟ್ಟಿದೆ. ನನ್ನದು ಅಖಾಡದಲ್ಲಿ ಕಾದಾಡುವ ರೋಬೋ, ಬೀಟಲ್‌ವೇಟ್ ಅಂದರೆ 1.36 ಕೆಜಿ ವರ್ಗ. ಫ್ಲೈಸ್ಕೈ ರಿಮೋಟ್, ಅಲ್ಯೂಮಿನಿಯಂ ಬಾಡಿ, ಮುಂದೆ ಎದುರಾಳಿಗೆ ಹೊಡೆಯಲು ಗಿರಗಿರ ತಿರುಗುವ ಡ್ರಮ್. ಮನೆಯಲ್ಲಿ ಚೆನ್ನಾಗಿ ಓಡುತ್ತದೆ. ಭಾನುವಾರ ಅಖಾಡಕ್ಕೆ ಇಳಿಸಿದರೆ ಎರಡು ಸಲ ನಿಂತಿತು. ಎರಡು ಮೂರು ಸೆಕೆಂಡಿಗೆ ತಾನೇ ಎದ್ದಿತು, ಅಷ್ಟರಲ್ಲಿ ಎದುರಿನವರು ಗೋಡೆಗೆ ಒತ್ತಿ ಹಿಡಿದಿದ್ದರು. ಎಲ್ಲಾ ಬಿಚ್ಚಿ ಮತ್ತೆ ಜೋಡಿಸಿದೆ. ಏನೂ ಸಿಗಲಿಲ್ಲ.

ಶೆಟ್ಟಿಹಳ್ಳಿ_ಸರ್ಕ್ಯೂಟ್
ಅಂಟೆನಾ, ಗುರು. ಅಲ್ಯೂಮಿನಿಯಂ ಡಬ್ಬಿಯೊಳಗೆ ರಿಸೀವರ್ ಇಟ್ಟರೆ ಸಿಗ್ನಲ್ ಹೋಗಲ್ಲ. ತುದಿ ಹೊರಗೆ ಬಿಡಿ.

ತುಮಕೂರು_ಇರುವೆ
ಹೊರಗೇ ಇದೆ.

ಶೆಟ್ಟಿಹಳ್ಳಿ_ಸರ್ಕ್ಯೂಟ್
ಎರಡೂ ತುದಿನಾ? ಒಂದು ನೆಟ್ಟಗೆ, ಇನ್ನೊಂದು ಅಡ್ಡ ಇರಬೇಕು. ನನ್ನ ಮೊದಲ ರೋಬೋಗೂ ಇದೇ ಆಗಿತ್ತು. ರಿಮೋಟ್ ಮತ್ತು ರಿಸೀವರ್ ಇನ್ನೊಂದು ಸಲ ಬೈಂಡ್ (ಜೋಡಿ) ಮಾಡಿ ನೋಡಿ.

ಕೆಜಿಎಫ್_ಲೇತ್
ಅಲ್ಯೂಮಿನಿಯಂ ಯಾಕೆ ಹಾಕಿದಿರಿ? ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ಬರುತ್ತದಲ್ಲ, ಎಚ್‌ಡಿಪಿಇ, ಅದನ್ನು ತಗೊಳ್ಳಿ. ಏಟು ಬಿದ್ದರೆ ಬಗ್ಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಸೊಟ್ಟಗಾದರೆ ಚಕ್ರ ಉಜ್ಜಲು ಶುರುವಾಗುತ್ತದೆ.

ಶೆಟ್ಟಿಹಳ್ಳಿ_ಸರ್ಕ್ಯೂಟ್
ಮಣೆಯಲ್ಲಿ ಸ್ಕ್ರೂ ನಿಲ್ಲಲ್ಲ ಅಣ್ಣ.

ಕೆಜಿಎಫ್_ಲೇತ್
12 ಮಿ.ಮೀ. ಮಣೆಗೆ ಸಣ್ಣ ತೂತು ಹೊಡೆದು ಮರದ ಸ್ಕ್ರೂ ಹಾಕಿ, ಎಳೆದರೂ ಬರಲ್ಲ. ನನ್ನದು ಎರಡು ವರ್ಷದಿಂದ ಹಾಗೇ ಇದೆ. ಡ್ರಮ್ ಇಎನ್24 ಉಕ್ಕು, ಲೇತ್‌ನಲ್ಲಿ ನಾನೇ ಕಡೆದದ್ದು. ಫೋಟೋ ಹಾಕುತ್ತೇನೆ.

ಚಿಂತಾಮಣಿ_ವೋಲ್ಟ್
ಸ್ವಲ್ಪ ನಿಲ್ಲಿ. ಮನೆಯಲ್ಲಿ ಓಡಿಸುವಾಗ ಡ್ರಮ್ ತಿರುಗಿಸುತ್ತೀರಾ? ಬ್ಯಾಟರಿ ಯಾವುದು? ನಿಂತಾಗ ರಿಸೀವರ್ ದೀಪ ಏನಾಗುತ್ತದೆ?

ತುಮಕೂರು_ಇರುವೆ
ಮನೆಯಲ್ಲಿ ತಂಗಿ ಓಡಾಡುತ್ತಿರುತ್ತಾಳೆ, ಹಾಗಾಗಿ ಡ್ರಮ್ ತಿರುಗಿಸುವ ಬೆಲ್ಟ್ ಬಿಚ್ಚಿಡುತ್ತೇನೆ. ಬ್ಯಾಟರಿ ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ 18650, ಎರಡು ಸೆಲ್ ಸೀರೀಸ್. ಫುಲ್ ಚಾರ್ಜ್‌ಗೆ 8.4 ವೋಲ್ಟ್ ಸರಿಯಾಗಿ ಬರುತ್ತದೆ, ಅದಕ್ಕೇ ಹೇಳಲಿಲ್ಲ. ಈಗ ಹೊರಗೆ ಹೋಗಿ ಬೆಲ್ಟ್ ಹಾಕಿ ನೋಡಿದೆ. ಡ್ರಮ್ ಏಳುವಾಗ ಕೆಂಪು ದೀಪ ಆರಿ ಮತ್ತೆ ಹತ್ತುತ್ತದೆ!

ಚಿಂತಾಮಣಿ_ವೋಲ್ಟ್
ಹಾಗಾದರೆ ಬ್ಯಾಟರಿ ಕಡೆ ನೋಡಿ. ಸುಮ್ನೆ ಇದ್ದಾಗ 8.4 ತೋರಿಸಿದರೆ ಸಾಲದು. ನಿಂತ ಡ್ರಮ್ ಎಬ್ಬಿಸುವಾಗಲೇ ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುವುದು. ಲ್ಯಾಪ್‌ಟಾಪ್ ಸೆಲ್ ಇರುವುದು ನಿಧಾನವಾಗಿ ತುಂಬಾ ಹೊತ್ತು ಕೊಡಲು. ಒಮ್ಮೆಲೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಬೋರ್ಡ್) ಒಳಗಿನ ಬಿಇಸಿಗೆ, ಅಂದರೆ ರಿಸೀವರ್‌ಗೆ ಕರೆಂಟ್ ಕೊಡುವ ಭಾಗಕ್ಕೆ, 5 ವೋಲ್ಟ್ ಕೊಡಲು ಆಗಲ್ಲ, ರಿಸೀವರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಒತ್ತಿ ಅಳೆಯಿರಿ, ಇಲ್ಲದಿದ್ದರೆ ಆ ಕುಸಿತ ಕಣ್ಣಿಗೇ ಬೀಳಲ್ಲ. ರೋಬೋವನ್ನು ಹಲಗೆಗೆ ಕ್ಲಾಂಪ್ ಮಾಡಿ, ಡ್ರಮ್ ನೇರಕ್ಕೆ ಯಾರೂ ನಿಲ್ಲಬೇಡಿ.

ಶೆಟ್ಟಿಹಳ್ಳಿ_ಸರ್ಕ್ಯೂಟ್
ಆದರೂ ಅಂಟೆನಾ ಒಮ್ಮೆ ನೋಡಿ.

ತುಮಕೂರು_ಇರುವೆ
ಅಳೆದೆ. 7.9 ಇದ್ದದ್ದು 4.6ಕ್ಕೆ ಬಿತ್ತು! ಶನಿವಾರ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್‌ನಲ್ಲಿ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತರುತ್ತೇನೆ. 850 ಎಂಎಎಚ್ ಸಾಕಾ?

ಚಿಂತಾಮಣಿ_ವೋಲ್ಟ್
ಮೂರು ನಿಮಿಷದ ಪಂದ್ಯಕ್ಕೆ ಸಾಕಾಗಬಹುದು. ಬ್ಯಾಟರಿ ಮೇಲೆ 45ಸಿ ಅಂತ ಬರೆದಿದ್ದರೆ ಅದರ ಆಂಪ್-ಅವರ್‌ನ 45 ಪಟ್ಟು ಆಂಪ್ಸ್ ಕೊಡಬಲ್ಲದು ಅಂತ: 0.85 ಗುಣಿಸು 45, ಲೆಕ್ಕಕ್ಕೆ 38 ಆಂಪ್ಸ್. ಅದರಲ್ಲಿ ಅರ್ಧ ಮಾತ್ರ ನಂಬಿ. ಎಕ್ಸ್‌ಟಿ30 ಕನೆಕ್ಟರ್ ಹಾಕಿ, ಸೆಲ್‌ಗೆ 3 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ. ಚಾರ್ಜ್‌ಗೆ ಹಾಕಿ ಮಲಗಬೇಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಕೆಜಿಎಫ್_ಲೇತ್
ನಿಮ್ಮ ಡ್ರಮ್ ಎಷ್ಟು ಗ್ರಾಂ? ನನ್ನದು 260. ಫೋಟೋ ಅಪ್‌ಲೋಡ್ ಆಗ್ತಿಲ್ಲ.

ತುಮಕೂರು_ಇರುವೆ
ಗೊತ್ತಿಲ್ಲ ಅಣ್ಣ. ತರಕಾರಿ ಅಂಗಡಿ ತಕ್ಕಡಿ 5 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಒಟ್ಟು 1.34 ಕೆಜಿ ಇದೆ, ಹೊಸ ಬ್ಯಾಟರಿ ಹಾಕಿದ ಮೇಲೆ ಮತ್ತೆ ತೂಗಬೇಕು. ತುಮಕೂರಿನಲ್ಲಿ ಯಾರ ಹತ್ತಿರವಾದರೂ 1 ಗ್ರಾಂ ತೋರಿಸುವ ತಕ್ಕಡಿ ಇದೆಯಾ?